ಮಂಗನ ಕಾಯಿಲೆ ಮತ್ತು ಪುಣೆಯ ವೈರಸ್ ಕೇಂದ್ರ: ಒಂದು ಸಹಕಾರದ ಚರಿತ್ರೆ

ಪುಣೆಯ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ 1952ರಲ್ಲಿ ಶುರುವಾದಾಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೂ (ಐಸಿಎಂಆರ್) ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನವೂ ಕೂಡಿ ತೆರೆದ ಕೇಂದ್ರ ಅದು. ಐದೇ ವರ್ಷಕ್ಕೆ ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡು ಈ ಕೇಂದ್ರದ ಹೆಸರನ್ನು ಲೋಕದ ವೈದ್ಯಕೀಯ ಗ್ರಂಥಗಳಿಗೆ ಸೇರಿಸಿತು. ಅಂದಿನಿಂದ ಸಂಸ್ಥೆಯ ಕಥೆಯೂ ಮಲೆನಾಡಿನ ಕಥೆಯೂ ಒಂದಕ್ಕೊಂದು ಹೆಣೆದುಕೊಂಡೇ ಬಂದಿವೆ.

ಮಲೆನಾಡಿಗರು ಮಂಗನ ಕಾಯಿಲೆ ಎನ್ನುವ, ಆಸ್ಪತ್ರೆಯ ಕಡತಗಳಲ್ಲಿ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂದಿರುವ ಈ ರೋಗದ ಬೆನ್ನು ಹತ್ತಿ ಅಮೆರಿಕ, ಕೊಲಂಬಿಯದ ವಿಜ್ಞಾನಿಗಳು ಸಾಗರ ತಾಲ್ಲೂಕಿನವರೆಗೆ ಬಂದರು. ರಷ್ಯಾದ ವೈರಸ್ಸಿನ ಜೊತೆ ಇಲ್ಲಿನ ವೈರಸ್ಸನ್ನು ತಾಳೆ ನೋಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸಲು ಹಣ ಕೊಟ್ಟಿತು. ದೇಶದೇಶಗಳು ಕೂಡಿ ದುಡಿದಾಗ ಏನು ಸಾಧ್ಯವಾಗುತ್ತದೆ, ಏನು ಆಗದೆ ಉಳಿಯುತ್ತದೆ ಎಂಬ ಎರಡೂ ಬಾಬ್ತಿನ ಲೆಕ್ಕ ಈ ಒಂದು ಕಾಯಿಲೆಯ ಚರಿತ್ರೆಯಲ್ಲಿದೆ. ಸ್ಮರಣ ಸಂಚಿಕೆಗಳಲ್ಲಿ ಮೊದಲನೆಯದನ್ನಷ್ಟೇ ಬರೆಯುವುದು ವಾಡಿಕೆ. ಇಲ್ಲಿ ಎರಡನ್ನೂ ಬರೆಯಲು ಹೊರಟಿದ್ದೇನೆ.

ಹಳದಿ ಜ್ವರದ ಭಯ

ರಾಕ್‌ಫೆಲರ್ ಪ್ರತಿಷ್ಠಾನಕ್ಕೆ ಹಳದಿ ಜ್ವರ ಹಳೆಯ ವೈರಿ. ಆಫ್ರಿಕ ಮತ್ತು ದಕ್ಷಿಣ ಅಮೆರಿಕದಲ್ಲಿ ಆ ಜ್ವರದ ಹಿಂದೆ ಬಿದ್ದು ಪ್ರತಿಷ್ಠಾನ ದಶಕಗಳನ್ನೇ ಕಳೆದಿತ್ತು. ಅದರ ಪ್ರಯೋಗಾಲಯದಲ್ಲಿ ಲಸಿಕೆ ರೂಪಿಸಿದ ಮ್ಯಾಕ್ಸ್ ಥೀಲರ್ ಅವರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿಯೂ ಬಂತು. ಆ ಹೊತ್ತಿಗೆ ಪ್ರತಿಷ್ಠಾನದ ಗಮನ ಹಳದಿ ಜ್ವರದಿಂದಾಚೆಗೂ ಹರಿದಿತ್ತು. ಸೊಳ್ಳೆ, ಉಣುಗು ಮುಂತಾದ ರಕ್ತ ಹೀರುವ ಜೀವಿಗಳು ಹರಡುವ ವೈರಸ್ಸುಗಳು ಉಷ್ಣವಲಯದಲ್ಲಿ ಇನ್ನೆಷ್ಟಿವೆಯೋ ಹುಡುಕೋಣವೆಂದು ಅದು ಊರೂರಿಗೆ ಪ್ರಯೋಗಾಲಯ ತೆರೆಯತೊಡಗಿತು. ಬ್ರೆಜಿಲಿನ ಬೆಲೆಂ, ಟ್ರಿನಿಡಾಡ್, ಜೊಹಾನೆಸ್‌ಬರ್ಗ್, ನೈಜೀರಿಯದ ಇಬಾದಾನ್, ಕೊಲಂಬಿಯದ ಕಾಲಿ ಇವೆಲ್ಲ ಆ ಸಾಲಿಗೆ ಸೇರಿದವು. ಪುಣೆ ಅವುಗಳಲ್ಲೊಂದು. ಎಲ್ಲಕ್ಕೂ ತಾಯಿ ಪ್ರಯೋಗಾಲಯ ನ್ಯೂಯಾರ್ಕಿನಲ್ಲಿ.

ಎಲ್ಲ ಕಡೆಯೂ ಕೆಲಸದ ಕ್ರಮ ಒಂದೇ. ರೋಗಿಯ ರಕ್ತವನ್ನೋ ಅರೆದ ಕೀಟದ ರಸವನ್ನೋ ಹುಟ್ಟಿ ಎರಡು ಮೂರು ದಿನವಾದ ಬಿಳಿ ಇಲಿಮರಿಗಳ ಮೆದುಳಿಗೆ ಚುಚ್ಚುವುದು. ಮರಿಗಳು ಕಾಯಿಲೆ ಬಿದ್ದರೆ ವೈರಸ್ಸನ್ನು ಬೇರ್ಪಡಿಸುವುದು. ಗುರುತು ಹತ್ತದಿದ್ದರೆ ನ್ಯೂಯಾರ್ಕಿಗೆ ಕಳಿಸಿ ಬೇರೆ ದೇಶಗಳ ವೈರಸ್ಸುಗಳ ಜೊತೆ ಹೋಲಿಸುವುದು. ಒಂದು ಊರಿನಲ್ಲಿ ಸಿಕ್ಕ ವೈರಸ್ಸಿಗೆ ಇನ್ನೊಂದು ಖಂಡದಲ್ಲಿ ಬಂಧುವಿದ್ದರೆ ಅದು ಇಲ್ಲಿ ಹೊರಬೀಳುತ್ತಿತ್ತು.

ಭಾರತದ ಮಟ್ಟಿಗೆ ಒಂದು ಪ್ರಶ್ನೆ ಎಲ್ಲರನ್ನೂ ಕಾಡುತ್ತಿತ್ತು. ಹಳದಿ ಜ್ವರ ಹರಡುವ ಏಡಿಸ್ ಈಜಿಪ್ಟಿ ಸೊಳ್ಳೆ ಇಲ್ಲಿ ಊರ ತುಂಬ ಇದೆ. ಕಾಡುಗಳಲ್ಲಿ ಮಂಗಗಳೂ ಬೇಕಾದಷ್ಟಿವೆ. ಹಾಗಿದ್ದೂ ಏಷ್ಯಾದಲ್ಲಿ ಹಳದಿ ಜ್ವರವಿಲ್ಲ. ಏಕಿಲ್ಲ, ನಾಳೆ ವಿಮಾನದಲ್ಲೋ ಹಡಗಿನಲ್ಲೋ ಬಂದಿಳಿದರೆ ಗತಿಯೇನು? ಪುಣೆಯ ಕೇಂದ್ರದ ಬೆನ್ನಿಗೆ ಮೊದಲ ದಿನದಿಂದಲೂ ಈ ಆತಂಕವಿತ್ತು.

1957ರ ಬೇಸಿಗೆ

ಆ ಆತಂಕವನ್ನು ಕೆಣಕುವ ಸುದ್ದಿ ಬಂದದ್ದು 1957ರ ಮೊದಲ ತಿಂಗಳುಗಳಲ್ಲಿ. ಕ್ಯಾಸನೂರು ಕಾಡಿನ ಸುತ್ತಲ ಹಳ್ಳಿಗಳಲ್ಲಿ ಜನ ಇದ್ದಕ್ಕಿದ್ದಂತೆ ಮಲಗುತ್ತಿದ್ದರು. ಉರಿಯುವ ಜ್ವರ, ತಲೆಸಿಡಿತ, ಮೈಕೈ ಮುರಿಯುವ ನೋವು, ವಾಂತಿ. ಕೆಲವರಿಗೆ ಮೂಗಿನಿಂದ, ವಸಡಿನಿಂದ ರಕ್ತ. ಮೊದಮೊದಲು ಇದನ್ನು ಟೈಫಾಯ್ಡಿನ ಬಗೆಯ ಜ್ವರವೆಂದು ಎಣಿಸಿದ್ದರು. ಆದರೆ ಅದೇ ಹೊತ್ತಿಗೆ ಕಾಡಿನಲ್ಲಿ ಕಪ್ಪು ಮೂತಿಯ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸತ್ತು ಬೀಳುತ್ತಿದ್ದವು. ಸೊಪ್ಪು, ಸೌದೆಗೆಂದು ಕಾಡಿಗೆ ಹೋಗುವ ಹಳ್ಳಿಗರು ಎರಡಕ್ಕೂ ನಂಟಿದೆಯೆಂದು ತಾವೇ ಕಂಡುಕೊಂಡು ರೋಗಕ್ಕೆ ಹೆಸರಿಟ್ಟಾಗಿತ್ತು. ಕಾಯಿಲೆಯ ಪತ್ತೆಯಲ್ಲಿ ಮೊದಲ ಹೆಜ್ಜೆ ಅವರದು.

ಮನುಷ್ಯರೂ ಮಂಗಗಳೂ ಒಟ್ಟಿಗೆ ಸಾಯುವುದು ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರದ ಗುರುತು. ಕೇಂದ್ರದ ಆಗಿನ ನಿರ್ದೇಶಕ ಟೆಲ್‌ಫರ್ಡ್ ವರ್ಕ್ ಮತ್ತು ಪನಾಮದ ಕಾಡುಗಳಲ್ಲಿ ಹಳದಿ ಜ್ವರದ ಸೊಳ್ಳೆಗಳನ್ನು ಅಭ್ಯಾಸ ಮಾಡಿ ಬಂದಿದ್ದ ಹೆರಾಲ್ಡ್ ಟ್ರಪಿಡೊ ತಮ್ಮ ತಂಡದೊಂದಿಗೆ ಮಲೆನಾಡಿಗೆ ಧಾವಿಸಿದರು. ಸತ್ತ ಮಂಗಗಳನ್ನು ಸೀಳಿ ಅಂಗಾಂಗಗಳ ತುಣುಕು ತೆಗೆದರು, ರೋಗಿಗಳ ರಕ್ತ ಸಂಗ್ರಹಿಸಿದರು, ಸೊಳ್ಳೆ ಹಿಡಿದರು, ಉಣುಗು ಆರಿಸಿದರು. ಪುಣೆಯ ಇಲಿಮರಿಗಳು ಉತ್ತರ ಕೊಡಲು ಹೆಚ್ಚು ದಿನ ಹಿಡಿಯಲಿಲ್ಲ. ಮಂಗಗಳಿಂದಲೂ ರೋಗಿಗಳಿಂದಲೂ ವೈರಸ್ ಸಿಕ್ಕಿತು. ಅದು ಹಳದಿ ಜ್ವರದ್ದಾಗಿರಲಿಲ್ಲ. ಸೊಳ್ಳೆಗಳಲ್ಲಿ ಹುಡುಕಿದ್ದು ಕೊನೆಗೆ ಉಣುಗಿನಲ್ಲಿ ದೊರೆಯಿತು.

ಇದರ ಬಂಧುಗಳು ಯಾರೆಂದು ನೋಡಿದಾಗ ಎಲ್ಲರೂ ಬೆರಗಾದರು. ಸೋವಿಯತ್ ದೇಶದ ಪೂರ್ವದಂಚಿನ ಕಾಡುಗಳಲ್ಲಿ 1937ರಲ್ಲಿ ಪತ್ತೆಯಾದ ವಸಂತ–ಬೇಸಿಗೆಯ ಮೆದುಳುಜ್ವರ, ಸೈಬೀರಿಯದ ಓಮ್‌ಸ್ಕ್ ರಕ್ತಸ್ರಾವ ಜ್ವರ, ಇವೆರಡೂ ಉಣುಗಿನಿಂದ ಬರುವ ಕಾಯಿಲೆಗಳು. ಕ್ಯಾಸನೂರಿನ ವೈರಸ್ ಆ ಕುಲಕ್ಕೆ ಸೇರಿದ್ದು. ಒಂದು ಬೇಸಿಗೆಯೊಳಗೆ ಇಷ್ಟು ತಿಳಿದುಬಂತು. ಮೈಸೂರು ರಾಜ್ಯದ ಆರೋಗ್ಯ ಇಲಾಖೆ, ಪುಣೆ, ನ್ಯೂಯಾರ್ಕ್ ಮೂರೂ ಒಂದೇ ದಾರದಲ್ಲಿ ಇರದಿದ್ದರೆ ಇಷ್ಟು ಬೇಗ ಇದು ಆಗುತ್ತಿರಲಿಲ್ಲ. 1957ರಲ್ಲಿ ಲೆಕ್ಕಕ್ಕೆ ಸಿಕ್ಕ ರೋಗಿಗಳು 466, ಮರುವರ್ಷ 181.

ಹಕ್ಕಿಗಳ ಜಾಡು

ಸೈಬೀರಿಯದ ವೈರಸ್ಸಿನ ಬಂಧು ಸೊರಬದ ಕಾಡಿಗೆ ಬಂದದ್ದಾದರೂ ಹೇಗೆ? ಚಳಿಗಾಲದಲ್ಲಿ ಉತ್ತರದಿಂದ ಬರುವ ವಲಸೆ ಹಕ್ಕಿಗಳು ಮೈಮೇಲೆ ಉಣುಗು ಹೊತ್ತು ತಂದಿರಬಹುದೆಂಬ ಊಹೆ ಹುಟ್ಟಿತು. ವಿಶ್ವ ಆರೋಗ್ಯ ಸಂಸ್ಥೆ ಆಸಕ್ತಿ ತೋರಿತು. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಸಲೀಂ ಅಲಿ ಅವರಿಗೆ ಹಕ್ಕಿಗಳ ವಲಸೆಯನ್ನು ದೊಡ್ಡ ಪ್ರಮಾಣದಲ್ಲಿ ಅಭ್ಯಾಸ ಮಾಡಬೇಕೆಂಬ ಬಹುಕಾಲದ ಹಂಬಲವಿತ್ತು, ಹಣವಿರಲಿಲ್ಲ. 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸೊಸೈಟಿ ಯೋಜನೆ ಶುರುಮಾಡಿತು. ಬಲೆಗೆ ಬಿದ್ದ ಹಕ್ಕಿಯ ಮೈಯಿಂದ ಉಣುಗು ಹೆಕ್ಕಿ, ಕಾಲಿಗೆ ಅಂಕಿ ಕೊರೆದ ಲೋಹದ ಉಂಗುರ ತೊಡಿಸಿ ಹಾರಿಬಿಡುವ ಕೆಲಸ. ಮುಂದೆ ಏಷ್ಯಾದ ಹಲವು ದೇಶಗಳಲ್ಲಿ ಅಮೆರಿಕದ ಸೇನೆಯ ಹಣದಿಂದ ನಡೆದ ಇಂಥದೇ ಸಮೀಕ್ಷೆಗೂ ಈ ಕೆಲಸ ಜೋಡಿಕೊಂಡಿತು. 1963ರಿಂದ 1971ರವರೆಗಿನ ಆ ಸಮೀಕ್ಷೆಯಲ್ಲಿ ಏಷ್ಯಾದುದ್ದಕ್ಕೂ ಉಂಗುರ ತೊಟ್ಟ ಹಕ್ಕಿಗಳು ಹತ್ತು ಲಕ್ಷಕ್ಕೂ ಹೆಚ್ಚು.

ಸೈಬೀರಿಯದಿಂದ ಹಕ್ಕಿಗಳೇ ವೈರಸ್ ತಂದವೆಂಬುದು ಸಾಬೀತಾಗಲಿಲ್ಲ. ಆದರೆ ಭಾರತದ ಪಕ್ಷಿಶಾಸ್ತ್ರಕ್ಕೆ ಈ ಯೋಜನೆಯಿಂದ ಒಂದು ತಲೆಮಾರಿನ ಸಂಶೋಧಕರೂ ವಲಸೆಯ ದಾರಿಗಳ ತಿಳಿವೂ ಸಿಕ್ಕವು. ಶಿವಮೊಗ್ಗದ ಜ್ವರಕ್ಕೆಂದು ಬಂದ ಹಣದಿಂದ ದೇಶದ ಹಕ್ಕಿಗಳ ಅಭ್ಯಾಸಕ್ಕೆ ಹೊಸ ಬಲ ಬಂದದ್ದು ಈ ಸಹಕಾರದ ದೊಡ್ಡ ಲಾಭಗಳಲ್ಲೊಂದು. ಯಾರೂ ಕೇಳಿ ಪಡೆದ ಲಾಭವೂ ಅಲ್ಲ ಅದು.

ಸಾಗರದಲ್ಲಿ ನೆಲೆ

ನಿಜವಾದ ಉತ್ತರಗಳು ನೆಲದ ಮೇಲೆ, ತರಗೆಲೆಯ ನಡುವೆ ಇದ್ದವು. ಅದನ್ನು ಹುಡುಕಲು ಕೇಂದ್ರ ಸಾಗರದಲ್ಲಿ ಕ್ಷೇತ್ರ ಠಾಣೆ ತೆರೆಯಿತು. ಅಲ್ಲಿನ ಕೆಲಸ ಕಣ್ಣಿಗೆ ಕಟ್ಟುವಂಥದ್ದು. ಇಬ್ಬರು ಒಂದು ಬಿಳಿ ಬಟ್ಟೆಯನ್ನು ಕಾಡಿನ ನೆಲದ ಮೇಲೆ ಮೆಲ್ಲಗೆ ಎಳೆದುಕೊಂಡು ಹೋಗುತ್ತಾರೆ. ಯಾವುದೋ ಪ್ರಾಣಿ ಬಂತೆಂದು ತಿಳಿದು ಉಣುಗುಗಳು ಬಟ್ಟೆಗೆ ಹತ್ತಿಕೊಳ್ಳುತ್ತವೆ. ಹತ್ತಾರು ಹೆಜ್ಜೆಗೊಮ್ಮೆ ನಿಂತು, ಬಟ್ಟೆಯನ್ನು ಮಗುಚಿ, ಸಾಸಿವೆ ಕಾಳಿನಷ್ಟಿರುವ ಅವನ್ನು ಒಂದೊಂದಾಗಿ ಚಿಮುಟದಿಂದ ಹೆಕ್ಕಿ ಶೀಶೆಗೆ ಹಾಕಬೇಕು. ಯಾವ ಕಾನು (ದಟ್ಟ ಕಾಡು), ಯಾವ ತಿಂಗಳು, ಎಷ್ಟು ದೂರ ಎಳೆದದ್ದು ಎಂಬುದು ಶೀಶೆಯ ಚೀಟಿಯಲ್ಲಿರಬೇಕು. ಆಮೇಲೆ ಜಾತಿವಾರು ಬೇರ್ಪಡಿಸಿ, ಅರೆದು, ಇಲಿಮರಿಗಳಿಗೆ ಚುಚ್ಚುವುದು. ಹೀಗೆ ವರ್ಷಗಟ್ಟಲೆ, ಮಳೆಗಾಲದಲ್ಲೂ.

ಪಿ. ಕೆ. ರಾಜಗೋಪಾಲನ್ ಅವರಂಥ ಕೀಟವಿಜ್ಞಾನಿಗಳು ಈ ಕೆಲಸದಲ್ಲಿ ಪಳಗಿದರು. ಮುಂದೆ ಕೇಂದ್ರದ ನಿರ್ದೇಶಕರಾದ ಟಿ. ರಾಮಚಂದ್ರ ರಾವ್ ಕೂಡ ಮೂಲತಃ ಕೀಟವಿಜ್ಞಾನಿ. ಕಾಡು ಬಲ್ಲ ಊರಿನ ಜನ ದಾರಿ ತೋರಿದರು, ಮಂಗ ಸತ್ತ ಜಾಗ ಹೇಳಿದರು, ಬಟ್ಟೆ ಎಳೆದರು. ಪ್ರಬಂಧಗಳಲ್ಲಿ ಅವರ ಹೆಸರು ಸಿಗುವುದು ಅಪರೂಪ. ಪುಣೆಯ ಪ್ರಯೋಗಾಲಯದಲ್ಲಿ ಈ ವೈರಸ್ಸಿನ ಜೊತೆ ಕೆಲಸ ಮಾಡುತ್ತಲೇ ಸೋಂಕು ತಗಲಿಸಿಕೊಂಡು ಹಾಸಿಗೆ ಹಿಡಿದ ಸಿಬ್ಬಂದಿಯೂ ಹಲವರು.

ಕ್ರಮೇಣ ಚಿತ್ರ ಮೂಡಿತು. ಮುಖ್ಯ ವಾಹಕ ಹೀಮಾಫಿಸಾಲಿಸ್ ಸ್ಪೈನಿಜೆರಾ ಎಂಬ ಉಣುಗು. ಅದರ ದೊಡ್ಡ ಉಣುಗುಗಳು ಮಳೆಗಾಲದಲ್ಲಿ ದನಕರು, ಕಾಡುಪ್ರಾಣಿಗಳ ರಕ್ತ ಹೀರಿ ನೆಲದಲ್ಲಿ ಮೊಟ್ಟೆಯಿಡುತ್ತವೆ. ಮಳೆ ಕಳೆದ ಮೇಲೆ ಮರಿಗಳು ಇಲಿ, ಮೂಗಿಲಿ, ನೆಲದ ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ನವೆಂಬರ್‌ನಿಂದ ಮೇವರೆಗೆ ನಡುಪ್ರಾಯದ ಉಣುಗುಗಳು ಹೆಚ್ಚುತ್ತವೆ. ಮನುಷ್ಯರನ್ನು ಕಚ್ಚುವುದು ಹೆಚ್ಚಾಗಿ ಇವೇ. ಅಡಕೆ ತೋಟಕ್ಕೆ ಸೊಪ್ಪು ತರುವ, ದರಗು (ಒಣ ಎಲೆ) ಗುಡಿಸುವ, ಸೌದೆ ಕಡಿಯುವ ಕಾಲವೂ ಅದೇ. ವೈರಸ್ ಹೊತ್ತ ಮಂಗ ಸತ್ತು ಬಿದ್ದರೆ ಅದರ ಮೈಮೇಲಿದ್ದ ಉಣುಗುಗಳೆಲ್ಲ ಆ ಜಾಗದಲ್ಲಿ ಚದುರುತ್ತವೆ. ಮನುಷ್ಯನಿಂದ ಮನುಷ್ಯನಿಗೆ ರೋಗ ದಾಟುವುದಿಲ್ಲ.

ಅಂದರೆ ಇದು ಕಾಡಂಚಿನ ಬದುಕಿನ ಕಾಯಿಲೆ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಹೇಳಿದವರು ಕೊಲಂಬಿಯದ ವೈದ್ಯ ಹೋರ್ಹೆ ಬೊಷೆಲ್. ತಮ್ಮ ದೇಶದ ಕಾಡಿನಲ್ಲಿ ಮರ ಕಡಿಯುವವರು ಒಂದು ಹೆಮ್ಮರ ಉರುಳಿಸಿದಾಗ ಅದರ ನೆತ್ತಿಯಲ್ಲಿದ್ದ ನೀಲಿ ಸೊಳ್ಳೆಗಳು ಅವರನ್ನು ಮುತ್ತಿದ್ದನ್ನು ಕಂಡು, ಕಾಡಿನ ಹಳದಿ ಜ್ವರ ಮನುಷ್ಯನಿಗೆ ತಗಲುವ ಬಗೆಯನ್ನು ಬಿಡಿಸಿದವರು ಅವರು. ಆ ಕಣ್ಣಿನಿಂದಲೇ ಮಲೆನಾಡನ್ನೂ ನೋಡಿದರು. ಜನಸಂಖ್ಯೆ ಬೆಳೆದು ಕಾಡು ತುಂಡುತುಂಡಾಗಿ, ಗದ್ದೆಗಳು ಒಳನುಗ್ಗಿ, ದನಗಳು ಕಾಡಿನೊಳಗೆ ಮೇಯುತ್ತ, ಅಂಚುಗಳಲ್ಲಿ ಲಂಟಾನ ಹಬ್ಬಿ ಉಣುಗಿಗೂ ಇಲಿಗಳಿಗೂ ಹೊಸ ನೆಲೆಯಾಯಿತು. ಕಾಡಿನೊಳಗೆ ಸದ್ದಿಲ್ಲದೆ ಇದ್ದ ವೈರಸ್ ಹೀಗೆ ಹೊರಗೆ ಬಂತು ಎಂದು 1969ರಲ್ಲಿ ಬರೆದರು. ವೈರಸ್ ಪರದೇಶದಿಂದ ಹಾರಿ ಬಂತೋ ಇಲ್ಲವೋ, ಕಾಯಿಲೆಗೆ ದಾರಿ ಮಾಡಿದ್ದು ಇಲ್ಲಿನ ನೆಲದ ಬಳಕೆ ಎಂಬುದು ಅವರ ವಾದದ ತಿರುಳು.

ಆ ಮಾತಿಗೆ ಕಹಿ ಪುರಾವೆ 1980ರ ದಶಕದ ಮೊದಲಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ ಸಿಕ್ಕಿತು. ಗೇರು ತೋಟಕ್ಕಾಗಿ ಹಳೆಯ ಕಾಡು ಕಡಿದ ಜಾಗದಲ್ಲಿ ಕಾಯಿಲೆ ಎದ್ದಿತು. 1,500ಕ್ಕೂ ಹೆಚ್ಚು ಮಂದಿ ಮಲಗಿದರು, ಸುಮಾರು 150 ಮಂದಿ ಸತ್ತರು.

ಲಸಿಕೆಯ ಲೆಕ್ಕ

ವೈರಸ್ ಪತ್ತೆಗೆ ಒಂದು ಬೇಸಿಗೆ ಸಾಕಾಯಿತು. ಲಸಿಕೆಯ ಕಥೆ ಹಾಗಲ್ಲ. ರಷ್ಯಾದ ಮೆದುಳುಜ್ವರದ ಬಂಧುವೆಂದ ಮೇಲೆ ಅದರ ಲಸಿಕೆ ಇಲ್ಲಿಯೂ ನಾಟಬೇಕಲ್ಲವೇ ಎಂದು, ಅಮೆರಿಕದಿಂದ ತರಿಸಿದ ಲಸಿಕೆಯನ್ನು 1958–59ರಲ್ಲಿ ಶಿವಮೊಗ್ಗ ಜಿಲ್ಲೆಯ ಸಾವಿರಾರು ಜನರಿಗೆ ಹಾಕಿ ನೋಡಿದರು. ಅದು ಕಾಪಾಡಲಿಲ್ಲ. ಹೊರಗಿನಿಂದ ಸಿದ್ಧವಸ್ತು ತಂದು ಕೆಲಸ ಮುಗಿಸುವ ದಾರಿ ಅಲ್ಲಿಗೆ ಮುಚ್ಚಿತು.

1960ರ ದಶಕದಲ್ಲಿ ಪುಣೆಯ ವಿಜ್ಞಾನಿಗಳೇ ಕ್ಯಾಸನೂರಿನ ವೈರಸ್ಸನ್ನು ಕೋಳಿ ಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿ ಲಸಿಕೆ ಮಾಡಿದರು. ಆದರೆ ಊರೂರಲ್ಲಿ ಹಾಕಿ ಅದರ ಬಲವನ್ನು ದೊಡ್ಡ ಮಟ್ಟದಲ್ಲಿ ಅಳೆದದ್ದು 1990–92ರಲ್ಲಿ. ಒಂದು ಡೋಸ್ ಪಡೆದವರಲ್ಲಿ ಸುಮಾರು 79, ಎರಡು ಪಡೆದವರಲ್ಲಿ 93 ಪ್ರತಿಶತ ರಕ್ಷಣೆ ಕಂಡಿತು. ಲಸಿಕೆ ತಯಾರಾದದ್ದು ರಾಜ್ಯ ಸರ್ಕಾರದ ಘಟಕಗಳಲ್ಲಿ, ಕೊನೆಯ ವರ್ಷಗಳಲ್ಲಿ ಬೆಂಗಳೂರಿನ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲಿ. ಚುಚ್ಚಿಸಿಕೊಂಡರೆ ತೋಳು ನೋಯುತ್ತಿತ್ತು, ರಕ್ಷಣೆ ಬೇಗ ಇಳಿಯುತ್ತಿತ್ತು, ಬೂಸ್ಟರ್ ಮತ್ತೆ ಮತ್ತೆ ಬೇಕಿತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎರಡು ಡೋಸಿನ ರಕ್ಷಣೆ 62 ಪ್ರತಿಶತಕ್ಕೆ ಇಳಿದಿತ್ತು. 2022ರಲ್ಲಿ ಲಸಿಕೆಯ ಬಳಕೆಯೇ ನಿಂತಿತು. ಹೊಸ ಲಸಿಕೆಗಾಗಿ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಕೈಜೋಡಿಸಿವೆ.

ಈ ನಡುವೆ ಮಲೆನಾಡಿಗರಿಗೆ ಉಳಿದದ್ದು ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಹಚ್ಚುವ ಎಣ್ಣೆ (ಮೊದಲು ಡಿಎಂಪಿ, ಈಗ ಡೆಪಾ), ಸತ್ತ ಮಂಗದ ಸುತ್ತ ಎರಚುವ ಮೆಲಾಥಿಯಾನ್ ಪುಡಿ ಮತ್ತು ಜ್ವರ ಬಂದ ಕೂಡಲೇ ಆಸ್ಪತ್ರೆಗೆ ಹೋಗಬೇಕೆಂಬ ಎಚ್ಚರ. ರೋಗಕ್ಕೇ ಮೀಸಲಾದ ಔಷಧ ಇಂದಿಗೂ ಇಲ್ಲ.

ಹಣ ಹಿಂದೆಗೆದಾಗ, ಅನುಮಾನ ಬಂದಾಗ

ರಾಕ್‌ಫೆಲರ್ ಪ್ರತಿಷ್ಠಾನ 1967ರಲ್ಲಿ ಪುಣೆಯಿಂದ ಹಿಂದೆಗೆಯಿತು. ಅಂದಿನಿಂದ ಕೇಂದ್ರದ ಪೂರ್ಣ ಹೊರೆ ಐಸಿಎಂಆರ್‌ನದು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಇದನ್ನು ತನ್ನ ಸಹಯೋಗಿ ಪ್ರಯೋಗಾಲಯವೆಂದು ಗುರುತಿಸಿತು. 1969ರಿಂದ ಆಗ್ನೇಯ ಏಷ್ಯಾಕ್ಕೆ ಇದು ಆ ಸಂಸ್ಥೆಯ ಪ್ರಾದೇಶಿಕ ಕೇಂದ್ರವಾಯಿತು. 1978ರಲ್ಲಿ ರಾಷ್ಟ್ರೀಯ ಸಂಸ್ಥೆಯಾಗಿ ಹೊಸ ಹೆಸರು ಪಡೆಯಿತು. ಕ್ಯಾಸನೂರು ವೈರಸ್ಸಿನ ಮೇಲೆ ಬಹುಕಾಲ ದುಡಿದ ಖುರ್ಷೇದ್ ಪಾವ್ರಿ ಅದರ ನಿರ್ದೇಶಕರಾದರು. ವಿದೇಶಿ ಪ್ರತಿಷ್ಠಾನ ನೆಟ್ಟ ಗಿಡ ತನ್ನ ನೆಲದಲ್ಲಿ ಬೇರು ಬಿಟ್ಟಿತ್ತು.

ಇದೇ ಹೊತ್ತಿಗೆ ಸಹಕಾರದ ಮೇಲೆ ಅನುಮಾನದ ನೆರಳೂ ಬಿತ್ತು. ವಿದೇಶಿ ಹಣದಿಂದ ಭಾರತದಲ್ಲಿ ನಡೆದ ಸಂಶೋಧನೆಗಳನ್ನು ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ 1974–75ರಲ್ಲಿ ಕಟುವಾಗಿ ಪ್ರಶ್ನಿಸಿತು. ಅಮೆರಿಕದ ಸೇನೆಯ ನಂಟಿದ್ದ ಹಕ್ಕಿ ಸಮೀಕ್ಷೆಯೂ ಆ ಪಟ್ಟಿಯಲ್ಲಿತ್ತು. ಹಕ್ಕಿ ಯಾವ ದಾರಿಯಲ್ಲಿ ಯಾವ ವೈರಸ್ ಹೊರಬಲ್ಲುದು ಎಂಬ ತಿಳಿವು ಯುದ್ಧಕ್ಕೂ ಉಪಯೋಗವಾಗಬಹುದಲ್ಲವೇ ಎಂಬುದು ಪ್ರಶ್ನೆ. ವಿಜ್ಞಾನಿಗಳಿಗೆ ಇದು ನೋವು ತಂದಿತು. ಆದರೂ ಹಣ ಯಾರದು, ಮಾದರಿ ಎಲ್ಲಿಗೆ ಹೋಗುತ್ತದೆ, ಫಲಿತಾಂಶ ಯಾರ ಕೈಯಲ್ಲಿರುತ್ತದೆ ಎಂದು ಕೇಳುವುದು ಒಂದು ಸ್ವತಂತ್ರ ದೇಶದ ಹಕ್ಕೇ ಆಗಿತ್ತು. ವೈರಸ್ ಮಾದರಿಗಳ ಹಂಚಿಕೆಯ ಬಗ್ಗೆ ಇಂದು ದೇಶಗಳ ನಡುವೆ ನಡೆಯುವ ವಾದಗಳಲ್ಲಿ ಇವೇ ಪ್ರಶ್ನೆಗಳಿವೆ.

ಜಿಲ್ಲೆ ದಾಟಿದ ಕಾಯಿಲೆ

ಐವತ್ತು ವರ್ಷ ಬಹುಮಟ್ಟಿಗೆ ಕರ್ನಾಟಕದ ಕೆಲವು ಜಿಲ್ಲೆಗಳಲ್ಲೇ ಇದ್ದ ಕಾಯಿಲೆ 2012ರಿಂದ ಈಚೆಗೆ ಬಂಡೀಪುರ, ನೀಲಗಿರಿ, ವಯನಾಡು, ಗೋವಾದ ಸತ್ತರಿ, ಮಹಾರಾಷ್ಟ್ರದ ಸಿಂಧುದುರ್ಗಗಳಲ್ಲಿ ಕಾಣಿಸಿಕೊಂಡಿತು. ಇದರ ಹತ್ತಿರದ ಬಂಧುವೊಂದು 1990ರ ದಶಕದಲ್ಲಿ ಸೌದಿ ಅರೇಬಿಯದಲ್ಲಿ ಪತ್ತೆಯಾಗಿತ್ತು. ಅಲ್‌ಖುರ್ಮಾ ವೈರಸ್ ಎಂದು ಅದರ ಹೆಸರು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಕಾಯಿಲೆ ಭುಗಿಲೆದ್ದು ಹಲವರು ಸತ್ತರು. ಕ್ಷೇತ್ರ ಠಾಣೆ ಕೆಲಸ ಮಾಡಿದ ತಾಲ್ಲೂಕಿನಲ್ಲಿ, ವೈರಸ್ ಪತ್ತೆಯಾಗಿ ಆರು ದಶಕಗಳ ಮೇಲೆ.

ಮತ್ತೆ ಹೊರನಾಡಿನ ವಿಜ್ಞಾನಿಗಳು ಬಂದರು, ಆದರೆ ಬೇರೆ ರೀತಿಯಲ್ಲಿ. ಬ್ರಿಟನ್ನಿನ ಪರಿಸರ ಮತ್ತು ಜಲವಿಜ್ಞಾನ ಕೇಂದ್ರದ ಜೊತೆ ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ, ಪಶುರೋಗಗಳ ಸಂಸ್ಥೆ ನಿವೇದಿ, ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಮತ್ತು ರಾಜ್ಯದ ಆರೋಗ್ಯ ಇಲಾಖೆ ಕೂಡಿದವು. ಎಲ್ಲಿ ಅಪಾಯ ಹೆಚ್ಚು ಎಂದು ನಕ್ಷೆ ಮಾಡುವುದು ಉದ್ದೇಶ. 2020ರಲ್ಲಿ ಪ್ರಕಟವಾದ ಅವರ ಫಲಿತಾಂಶದ ಸಾರ: ಕಾಡೂ ತೋಟವೂ ಬೆರೆತ ಕಡೆ, ನಾಟಿ ದನಗಳು ಹೆಚ್ಚಿರುವ ಕಡೆ ಅಪಾಯ ಹೆಚ್ಚು. ಬೊಷೆಲ್ 1969ರಲ್ಲಿ ಕಾಡು ಸುತ್ತಿ ಹೇಳಿದ್ದಕ್ಕೆ ಉಪಗ್ರಹದ ಚಿತ್ರಗಳೂ ಗಣಕಯಂತ್ರವೂ ಅರ್ಧ ಶತಮಾನದ ಮೇಲೆ ಸಾಕ್ಷಿ ನುಡಿದವು. ವೈದ್ಯ, ಪಶುವೈದ್ಯ, ಅರಣ್ಯದವರು ಒಂದೇ ಮೇಜಿನಲ್ಲಿ ಕೂತದ್ದು ಈ ಸಲದ ಹೊಸತನ.

ಲೆಕ್ಕ ಒಪ್ಪಿಸುವಾಗ

ಈ ಚರಿತ್ರೆಯನ್ನು ಒಟ್ಟಾಗಿ ನೋಡಿದರೆ ಒಂದು ವಿಷಯ ಎದ್ದು ಕಾಣುತ್ತದೆ. ಲೋಕಕ್ಕೆ ಬೇಕಾಗಿದ್ದ ಪ್ರಶ್ನೆಗಳಿಗೆ ಉತ್ತರ ಬೇಗ ಸಿಕ್ಕಿತು. ಹಳದಿ ಜ್ವರ ಏಷ್ಯಾಕ್ಕೆ ಬಂತೇ? ಇಲ್ಲ. ಇದು ಯಾವ ಕುಲದ ವೈರಸ್? ರಷ್ಯಾದ್ದರ ಕುಲ. ಹಕ್ಕಿ ತಂದಿತೇ? ಹುಡುಕಿದರು. ಮಲೆನಾಡಿಗೆ ಬೇಕಾಗಿದ್ದ ಪ್ರಶ್ನೆಗಳು ಬೇರೆ. ದರಗಿಗೆ ಹೋಗುವ ಕೂಲಿ ಹೆಂಗಸು ಈ ವರ್ಷ ಯಾವ ಕಾನಿಗೆ ಹೋಗಬಾರದು? ಜ್ವರ ಬಂದರೆ ರಕ್ತಪರೀಕ್ಷೆಯ ಉತ್ತರ ಎಷ್ಟು ದಿನಕ್ಕೆ ಸಿಗುತ್ತದೆ? ಲಸಿಕೆ ನಾಟುತ್ತದೆಯೇ? ಇವಕ್ಕೆ ಉತ್ತರ ಹುಡುಕುವುದು ನಿಧಾನದ, ವರ್ಷವರ್ಷವೂ ಮಾಡಬೇಕಾದ, ಪ್ರಬಂಧವಾಗದ ಕೆಲಸ. ಯೋಜನೆಯ ಅವಧಿ ಮುಗಿದ ಕೂಡಲೇ ಮೊದಲು ನಿಲ್ಲುವುದು ಅದೇ.

ಇದಕ್ಕೆ ಹೊರಗಿನವರನ್ನಷ್ಟೇ ದೂರಿ ಫಲವಿಲ್ಲ. ಅವರು ತಮಗೆ ಗೊತ್ತಿದ್ದುದನ್ನು ತಂದರು, ಇಲ್ಲಿನವರಿಗೆ ಕಲಿಸಿದರು, ಒಂದು ಸಂಸ್ಥೆ ಬಿಟ್ಟು ಹೋದರು. ಕೋವಿಡ್ ಬಂದಾಗ ದೇಶದ ಮೊದಲ ಪರೀಕ್ಷೆಗಳು ನಡೆದದ್ದು ಆ ಸಂಸ್ಥೆಯಲ್ಲಿ. ಆದರೆ ಸಾಗರದ ಠಾಣೆಯಲ್ಲಿ ಬಟ್ಟೆ ಎಳೆದು ಉಣುಗು ಎಣಿಸಿದ ಆ ಶಿಸ್ತನ್ನು ಎಡೆಬಿಡದೆ ಮುಂದುವರಿಸುವ ಹೊಣೆ ನಮ್ಮದಾಗಿತ್ತು. ಮುಂದಿನ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸಹಿ ಹಾಕುವಾಗ, ಯೋಜನೆ ಮುಗಿದ ಮರುವರ್ಷ ತಾಲ್ಲೂಕಿನಲ್ಲಿ ಯಾವ ಹುದ್ದೆ, ಯಾವ ಪ್ರಯೋಗಾಲಯ, ಯಾವ ಅನುದಾನ ಉಳಿಯುತ್ತದೆ ಎಂಬ ಕಲಮು ಅದರ ಮೊದಲ ಪುಟದಲ್ಲೇ ಇರಬೇಕು. ಸಂಸ್ಥೆಯ ಇಷ್ಟು ವರ್ಷಗಳ ಅನುಭವ ಕಲಿಸಿದ ಪಾಠ ಅದು.